ಕೈಚೀಲದ ಅಳತೆ



ಬೆಳಗಿನ ಹೊತ್ತಿಗೆ ಉತ್ತರ ಬೆಂಗಳೂರಿನ ಯಲಹಂಕ ಹಳೇ ಪಟ್ಟಣದಲ್ಲಿ, ಬ್ಯಾಟರಾಯನಪುರದಲ್ಲಿ, ಆರ್.ಟಿ. ನಗರದ ಒಳರಸ್ತೆಗಳಲ್ಲಿ ಸೊಪ್ಪು ಬಂದಿಳಿದಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ನೀರು ಚಿಮುಕಿಸಿ ಗೋಣಿತಾಟಿನಲ್ಲಿ ಸುತ್ತಿ ತಂದ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್. ನಂದಿನಿ ಬೂತಿಗೆ ಹಾಲಿಗೆಂದು ಹೋದವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಒಂದು ಕಟ್ಟು ಎತ್ತಿಕೊಳ್ಳುತ್ತಾರೆ. ಎತ್ತಿದ ಕೂಡಲೇ ಬುಡ ತಿರುಗಿಸಿ ನೋಡುತ್ತಾರೆ. ಬೇರಿನ ಮಣ್ಣು ಇನ್ನೂ ಹಸಿಯಾಗಿದ್ದರೆ ಸೊಪ್ಪು ಹೊಸದು. ಮೇಲೆ ಎಷ್ಟೇ ನೀರು ಎರಚಿದ್ದರೂ ಕತ್ತರಿಸಿದ ತುದಿ ಕಂದಾಗಿದ್ದರೆ ಅದು ನಿನ್ನೆಯದೋ ಮೊನ್ನೆಯದೋ.

ತರಕಾರಿ ತರುವುದು ಸಣ್ಣ ಕೆಲಸವೆಂದು ನಾವು ಅದರ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಆದರೆ ನಮ್ಮ ತಟ್ಟೆಗೆ ಬೀಳುವ ಆಹಾರದ ಗುಣಕ್ಕೂ ನಾವು ಅಂಗಡಿಗೆ ಹೋಗುವ ಬಗೆಗೂ ಬಹಳ ಹತ್ತಿರದ ನಂಟಿದೆ ಎಂದು ನನಗೆ ಅನಿಸುತ್ತದೆ. ನಡೆದು ಹೋಗುವವರ ಅಡುಗೆಮನೆಯೇ ಬೇರೆ, ಕಾರಿನಲ್ಲಿ ಹೋಗುವವರ ಅಡುಗೆಮನೆಯೇ ಬೇರೆ.

ನಡೆದು ಹೋದವರ ಕೈಗೆ ಒಂದು ವಿದ್ಯೆ ಹತ್ತಿರುತ್ತದೆ. ಬೆಂಡೆಕಾಯಿಯ ತುದಿ ಲಟಕ್ಕನೆ ಮುರಿಯಬೇಕು, ಬಾಗಿದರೆ ಬಲಿತಿದೆ ಎಂದರ್ಥ. ಸೋರೆಕಾಯಿಗೆ ಉಗುರು ಸಲೀಸಾಗಿ ಇಳಿಯಬೇಕು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಬದನೆ ಕೈಗೆ ಹಗುರವಾಗಿರಬೇಕು, ತೊಟ್ಟು ಹಸಿರಾಗಿರಬೇಕು, ಮೈಮೇಲೆ ತೂತಿರಬಾರದು. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಜ್ಜಿಯ ಸೆರಗು ಹಿಡಿದು ಸಂತೆಗೆ ಹೋದ ಮಕ್ಕಳಿಗೆ ತಾನಾಗಿ ಬಂತು. ಇವತ್ತು ಫೋನಿನ ತೆರೆಯ ಮೇಲೆ ಚಿತ್ರ ಒತ್ತಿ ತರಕಾರಿ ತರಿಸುವ ಮನೆಯಲ್ಲಿ ಬೆಳೆಯುವ ಮಗುವಿಗೆ ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಅವರೆಕಾಯಿಯ ವಿಷಯ ನೋಡಿ. ಡಿಸೆಂಬರ್, ಜನವರಿಯಲ್ಲಿ ರಾಶಿಯ ಮುಂದೆ ನಿಂತವರು ಕಾಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾರೆ. ಸಿಪ್ಪೆಯ ಮೇಲಿನ ಅಂಟಂಟು ಜಿಡ್ಡಿನಲ್ಲೇ ಸೊಗಡು ಇರುವುದು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ ಬೆಳೆಗಾರರು. ಚಳಿಗಾಲದ ಚಿಕ್ಕ ಹಗಲಿಗೆ ಮಾತ್ರ ಹೂ ಬಿಡುವ ಈ ಗಿಡವನ್ನು ವರ್ಷವಿಡೀ ಬೆಳೆಯುವಂತೆ ಮಾಡಿದ್ದು ನಮ್ಮ ಪಕ್ಕದಲ್ಲೇ ಇರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ಹೆಬ್ಬಾಳ ಅವರೆ ಎಂದೇ ಹೆಸರಾದ ಎಚ್‌ಎ 3, ಎಚ್‌ಎ 4 ತಳಿಗಳು ಅಲ್ಲಿಂದ ಬಂದವು. ಬೇಸಿಗೆಯಲ್ಲೂ ಅವರೆಕಾಳಿನ ಸಾರು ಸಿಗುವಂತಾಯಿತು, ರೈತರಿಗೆ ಇನ್ನೊಂದು ಬೆಳೆಯ ಆದಾಯ ಸಿಕ್ಕಿತು. ಅದು ದೊಡ್ಡ ಉಪಕಾರವೇ. ಆದರೆ ಮಾಗಿಯ ನಾಟಿ ಅವರೆಯ ಗಮಲು ಈ ತಳಿಗಳಿಗಿಲ್ಲ. ಈ ವ್ಯತ್ಯಾಸವನ್ನು ಯಾವ ಚೀಟಿಯೂ ಹೇಳುವುದಿಲ್ಲ, ಮೂಗೇ ಹೇಳಬೇಕು. ಮೂಗು ಹೇಳಬೇಕಾದರೆ ನಾವು ರಾಶಿಯ ಮುಂದೆ ಹೋಗಿ ನಿಲ್ಲಬೇಕು.

ನಡೆಯುವವರಿಗೆ ಒಂದು ಕಡಿವಾಣವೂ ಇದೆ. ಕೈಚೀಲ ಎಷ್ಟು ಹಿಡಿಯುತ್ತದೋ, ತೋಳು ಎಷ್ಟು ಹೊರುತ್ತದೋ ಅಷ್ಟೇ ಕೊಳ್ಳುವುದು. ಒಂದು ಕಟ್ಟು ಸೊಪ್ಪು, ಅರ್ಧ ಕಿಲೋ ಹುರುಳಿಕಾಯಿ, ನಾಲ್ಕು ಟೊಮೆಟೊ, ಶುಂಠಿ, ಹಸಿಮೆಣಸು. ಇದು ಎರಡು ದಿನದಲ್ಲಿ ಮುಗಿಯುತ್ತದೆ, ಕೆಡುವುದಕ್ಕೆ ಅವಕಾಶವೇ ಇರುವುದಿಲ್ಲ. ಕಾರಿನ ಡಿಕ್ಕಿಗೆ ಈ ಕಡಿವಾಣವಿಲ್ಲ. ಪಾರ್ಕಿಂಗ್ ಸಿಕ್ಕಿದ್ದೇ ಕಷ್ಟದಲ್ಲಿ, ಬಂದದ್ದಕ್ಕೆ ವಾರಕ್ಕಾಗುವಷ್ಟು ಹಾಕಿಕೊಂಡು ಹೋಗೋಣ ಎನ್ನುತ್ತದೆ ಮನಸ್ಸು. ಮೂರನೆಯ ದಿನಕ್ಕೆ ಕೊತ್ತಂಬರಿ ಲೋಳೆಯಾಗುತ್ತದೆ, ಹೀರೆಕಾಯಿ ರಬ್ಬರಿನಂತಾಗುತ್ತದೆ. ಕಿತ್ತ ಗಳಿಗೆಯಿಂದಲೇ ಸೊಪ್ಪಿನ ಸಿ ಜೀವಸತ್ವ ಕರಗತೊಡಗುತ್ತದೆ. ಫ್ರಿಜ್ ಅದನ್ನು ನಿಧಾನಿಸಬಲ್ಲದು, ತಡೆಯಲಾರದು. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ವಾರಕ್ಕೊಮ್ಮೆ ಕೊಳ್ಳುವವರು ಬಾಳಿಕೆ ಬರುವುದನ್ನೇ ಹೆಚ್ಚು ಆರಿಸುತ್ತಾರೆ. ತಿಂಗಳುಗಟ್ಟಲೆ ಕೆಡದ ಕುರುಕಲು ಪೊಟ್ಟಣಗಳು ಸೊಪ್ಪಿನ ಜಾಗಕ್ಕೆ ಬಂದು ಕೂರುತ್ತವೆ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆ ವಾರಕ್ಕೆ 150 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕು ಎನ್ನುತ್ತದೆ. ಹತ್ತು ನಿಮಿಷ ಬಿರುಸಾಗಿ ನಡೆದರೆ ಸಿಗುವ ಸೊಪ್ಪಿನಂಗಡಿಗೆ ದಿನಾ ಹೋಗಿ ಬಂದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಆಗಿಬಿಡುತ್ತವೆ.

ಹಾಗೆಂದು ಎಲ್ಲವನ್ನೂ ತಲೆಮೇಲೆ ಹೊತ್ತು ತನ್ನಿ ಎನ್ನುತ್ತಿಲ್ಲ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ವಿಂಗಡಿಸಿಕೊಂಡಿದ್ದರು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಹುಣಸೆಹಣ್ಣು, ಒಣಮೆಣಸಿನಕಾಯಿ, ರಾಗಿ ಗಾಡಿಯಲ್ಲಿ ಮನೆಗೆ ಬರುತ್ತಿತ್ತು. ಸೊಪ್ಪು, ಹಾಲು, ಹೂವಿಗೆ ಮಾತ್ರ ದಿನಾ ಕಾಲ್ನಡಿಗೆ. ಯಶವಂತಪುರ ಇವತ್ತಿಗೂ ಆ ಮೊದಲನೆಯ ಬಗೆಯ ವ್ಯಾಪಾರದ ಊರು. ಅಲ್ಲಿನ ಎಪಿಎಂಸಿ ಯಾರ್ಡಿಗೆ ಅಕ್ಕಿ, ಬೇಳೆ, ಬೆಲ್ಲ, ಬೆಳ್ಳುಳ್ಳಿ ಲಾರಿಗಟ್ಟಲೆ ಬಂದಿಳಿಯುತ್ತದೆ. ಜರ್ಮನಿಯ ಮೆಟ್ರೋ ಕಂಪನಿ 2003ರಲ್ಲಿ ಭಾರತಕ್ಕೆ ಬಂದಾಗ ತನ್ನ ಸಗಟು ಮಳಿಗೆ ತೆರೆದದ್ದೂ ಇದೇ ಯಶವಂತಪುರದಲ್ಲಿ. ಮೂಟೆಗೆ ವಾಹನ ಬೇಕೇ ಬೇಕು. ತಿಂಗಳಿಗೊಮ್ಮೆ ಅದಕ್ಕೆ ಕಾರೋ ಆಟೋವೋ ಹಿಡಿಯುವುದು ವಿವೇಕವೇ. ಎರಡು ಕಟ್ಟು ಮೆಂತ್ಯಕ್ಕೆ ಕಾರು ತೆಗೆಯುವುದು ಮಾತ್ರ ನನಗೆ ಒಪ್ಪಿಗೆಯಾಗದು. ನೋಂದಾಯಿತ ವಾಹನಗಳು ಈಗಾಗಲೇ ಕೋಟಿ ದಾಟಿರುವ ಊರು ನಮ್ಮದು.

ನಡಿಗೆಯಿಂದ ನಂಬಿಕೆಯೂ ಬೆಳೆಯುತ್ತದೆ. ದಿನಾ ಅದೇ ದಾರಿಯಲ್ಲಿ ಬರುವವರಿಗೆ ಹುಳುಕು ಬದನೆ ದಾಟಿಸಿ ಯಾರೂ ಬದುಕಲಾರರು. ನಾಳೆ ಬೆಳಿಗ್ಗೆ ಕೊಂಡ ಅಮ್ಮ ಮತ್ತೆ ಬಂದು ಕೇಳುತ್ತಾರೆ. ಅದಕ್ಕೇ, ‘ಇವತ್ತು ಹೂಕೋಸು ಬೇಡಮ್ಮ, ಚೆನ್ನಾಗಿಲ್ಲ’ ಎಂದು ಮಾರುವವರೇ ಹೇಳುವುದುಂಟು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಈ ನಂಬಿಕೆಗೆ ಇನ್ನೊಂದು ರೂಪ ಕೊಟ್ಟಿತು. ಬಡಾವಣೆಯ ಮೂಲೆಯಲ್ಲೊಂದು ಮಳಿಗೆ, ಅದರ ಮುಂದೆ ಅವತ್ತಿನ ದರದ ಪಟ್ಟಿ. ಬೆಳೆದವರಿಗೂ ಕೊಂಡವರಿಗೂ ಮೋಸವಾಗದಿರಲಿ ಎಂಬ ಯೋಚನೆ ಅದು. ಅಂಥ ಮಳಿಗೆ ನಿಮ್ಮ ರಸ್ತೆಯಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ಅಲ್ಲಿ ಕೊಳ್ಳಿ.

ಕೈಗೂ ಮೂಗಿಗೂ ತಿಳಿಯದ ಸಂಗತಿಗಳಿವೆ, ಅದನ್ನೂ ಹೇಳಲೇಬೇಕು. ಕಾರ್ಬೈಡ್ ಹಾಕಿ ಮಾವು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ, ಆದರೂ ಆ ಭಯ ಹೋಗಿಲ್ಲ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಸೀಸ, ಕ್ಯಾಡ್ಮಿಯಂಗಳನ್ನು ಒಳಗೇ ಹೀರಿಕೊಂಡಿರಬಹುದು. ಎಷ್ಟು ತೊಳೆದರೂ ಅವು ಹೋಗವು. ಇಲ್ಲಿ ಉತ್ತರ ಬೆಂಗಳೂರಿನವರಾದ ನಮಗೆ ವಿಶೇಷ ಹೊಣೆಯಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಬಚ್ಚಲಿನ, ಅಡುಗೆಮನೆಯ ನೀರನ್ನೇ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರ್‌ನಷ್ಟನ್ನು ಚಿಕ್ಕಬಳ್ಳಾಪುರವೂ ಸೇರಿದಂತೆ ಈ ಭಾಗದ 65 ಕೆರೆಗಳಿಗೆ ಹರಿಸುವ ಗುರಿಯಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅವರ ಅಂತರ್ಜಲಕ್ಕೆ ನಾವು ಏನನ್ನು ಕಳಿಸುತ್ತೇವೋ ಅದು ಒಂದು ದಿನ ಸೊಪ್ಪಿನ ಕಟ್ಟಾಗಿ ನಮ್ಮ ಬಾಗಿಲಿಗೇ ಬರಬಹುದು. ಅವರ ಬೇಡಿಕೆ ನಮ್ಮದೂ ಆಗಬೇಕು. ಭೂಮಿಯ ವಿಷಯವೂ ಹಾಗೆಯೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲೆ, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವುದಾಗಿ ಹೇಳಿತು. ಬೆಳಗಿನ ಸೊಪ್ಪು ಹತ್ತಿರದಿಂದ ಬರಬೇಕಾದರೆ ಹತ್ತಿರದಲ್ಲಿ ಹೊಲ ಉಳಿದಿರಬೇಕು.

ಹೊಲವೂ ಅಂಗಡಿಯೂ ಇದ್ದು, ನಡೆಯಲು ದಾರಿಯೇ ಇಲ್ಲದಿದ್ದರೆ? 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆ ಹಿಗ್ಗಿತು, ಮೇಲ್ಸೇತುವೆಗಳು ಎದ್ದವು. ಊರಿಗೆ ಅದು ಬೇಕಿತ್ತು. ಆದರೆ ಆ ಬದಿಯಲ್ಲಿ ಮನೆ, ಈ ಬದಿಯಲ್ಲಿ ಸಂತೆ ಇರುವ ಅಜ್ಜಿಗೆ ರಸ್ತೆ ದಾಟುವುದೇ ಒಂದು ಸಾಹಸವಾಯಿತು. ಸ್ಕೈವಾಕ್ ಮೆಟ್ಟಿಲು ಹತ್ತಲು ಮಂಡಿನೋವು ಬಿಡುವುದಿಲ್ಲ. ಒಳರಸ್ತೆಗಳಲ್ಲಿ ಚಪ್ಪಡಿ ಕುಸಿದಿದೆ, ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿದೆ, ಫುಟ್‌ಪಾತಿನ ಮೇಲೆ ಬೈಕುಗಳಿವೆ. ಅಂಥ ಅಜ್ಜಿಯರು ಮೊಬೈಲಿನಲ್ಲಿ ತರಕಾರಿ ತರಿಸಿದರೆ ಅವರನ್ನು ದೂರುವುದು ನ್ಯಾಯವಲ್ಲ. ಮನೆ ಬಿಟ್ಟು ಹೊರಡಲಾಗದವರಿಗೆ, ಎರಡು ಪಾಳಿ ದುಡಿಯುವ ತಾಯಿಗೆ ಆ ಸೌಲಭ್ಯ ನಿಜಕ್ಕೂ ದೊಡ್ಡದು. ನಡೆಯಬಲ್ಲವರಿಗೂ ನಡೆಯಲಾಗದಂತೆ ಬೀದಿ ಕಟ್ಟಿರುವುದರಲ್ಲಿ ತಪ್ಪಿದೆ.

ಬೀದಿ ಕಟ್ಟುವುದಕ್ಕೆ ನಿಯಮವಿಲ್ಲವೆಂದಲ್ಲ. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಯಾವ ಅಡ್ಡಿಯೂ ಇಲ್ಲದೆ ತೆರೆದಿರಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು ಜಾಗ. ಸುರಕ್ಷಿತ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೀದಿ ವ್ಯಾಪಾರಿಗಳಿಗೂ 2014ರ ಕಾಯ್ದೆ ರಕ್ಷಣೆ ಕೊಟ್ಟಿದೆ. ಅವರಿಗೆ ಜಾಗ ಗುರುತಿಸಿ ಕೊಟ್ಟರೆ, ಸೊಪ್ಪಿನ ಗಾಡಿಗೂ ನಡೆಯುವ ಕಾಲಿಗೂ ಜಗಳವೇ ಇರುವುದಿಲ್ಲ.

ಯಲಹಂಕ, ಬ್ಯಾಟರಾಯನಪುರದ ಕಡೆಯವರು ಈಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದವರು. ಪಾಲಿಕೆ ಹೊಸದು, ಕೇಳಲು ಇದು ಒಳ್ಳೆಯ ಸಮಯ. ನಿಮ್ಮ ಮನೆಯಿಂದ ಸೊಪ್ಪಿನಂಗಡಿಯವರೆಗೆ ಒಮ್ಮೆ ನಡೆಯಿರಿ. ಎಲ್ಲಿ ರಸ್ತೆಗೆ ಇಳಿಯಬೇಕಾಯಿತು, ಎಲ್ಲಿ ಚಪ್ಪಡಿ ಅಲುಗಿತು, ಎಲ್ಲಿ ಪಕ್ಕದ ಮನೆಯ ಹಿರಿಯರಿಗೆ ದಾಟಲು ಆಗುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಕಪಕ್ಕದವರ ಸಹಿ ಹಾಕಿಸಿ ವಾರ್ಡ್ ಕಚೇರಿಗೆ ಕೊಡಿ. ಸೊಪ್ಪು ಮಾರುವವರ ಸಹಿಯನ್ನೂ ಹಾಕಿಸಿ. ಆ ದಾರಿ ನಮ್ಮಷ್ಟೇ ಅವರಿಗೂ ಬೇಕು.