ನಲವತ್ತು ಶಿಲಿಂಗಿನ ಆಟ: ಎರಡನೆಯ ರಿಚರ್ಡ್ ಮತ್ತು ಎಸೆಕ್ಸ್ ದಂಗೆ

ಎಲಿಜಬೆತ್ ರಾಣಿ 1558ರಿಂದ 1603ರವರೆಗೆ ಆಳಿದ್ದು, ಮಕ್ಕಳಿಲ್ಲದ ಆಕೆ ಉತ್ತರಾಧಿಕಾರಿಯ ಹೆಸರು ಹೇಳಲು ಹಿಂಜರಿದದ್ದು, ನಾಟಕ ರಂಗವೇರುವ ಮುನ್ನ ಅರಮನೆಯ ವಿನೋದಾಧಿಕಾರಿಯ ಪರವಾನಗಿ ಬೇಕಿದ್ದದ್ದು ಯಾವ ಸಾಹಿತ್ಯ ಚರಿತ್ರೆಯಲ್ಲಾದರೂ ಸಿಗುವ ಸಂಗತಿಗಳಾದುದರಿಂದ, ಅವುಗಳನ್ನು ಇಲ್ಲಿ ವಿಸ್ತರಿಸಿಲ್ಲ. ಒಂದೇ ಒಂದು ಆಟದ ದಾಖಲೆಗಳನ್ನು ಮಾತ್ರ ಒರೆಗೆ ಹಚ್ಚಲಾಗಿದೆ.

ಆ ಆಟ ನಡೆದದ್ದು 1601ರ ಫೆಬ್ರವರಿ 7ರ ಶನಿವಾರ, ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ. ರಾಣಿಯ ಕೃಪೆಗೆ ಎರವಾಗಿದ್ದ ಎಸೆಕ್ಸ್ ಅರ್ಲ್‌ನ ಬೆಂಬಲಿಗರು ಎರಡನೆಯ ರಿಚರ್ಡನ ಪದಚ್ಯುತಿಯ ನಾಟಕವನ್ನು ಆಡಿಸಿದರು. ಮರುದಿನ ಎಸೆಕ್ಸ್ ಸುಮಾರು 300 ಮಂದಿಯೊಡನೆ ನಗರದ ಬೀದಿಗಿಳಿದು ಸೋತ. ವಿಚಾರಣೆಗೆ ಬಂದ ನಟ ಆಗಸ್ಟೀನ್ ಫಿಲಿಪ್ಸ್, ಅದು ಬಳಕೆ ತಪ್ಪಿ ಬಹುಕಾಲವಾದ ಹಳೆಯ ನಾಟಕ, ನೋಡಲು ಜನ ಬರಲಾರರು ಎಂದು ತನ್ನ ನಾಟಕ ಮಂಡಳಿ ಹಿಂದೇಟು ಹಾಕಿತೆಂದೂ, ಮಾಮೂಲಿಗಿಂತ 40 ಶಿಲಿಂಗ್ ಹೆಚ್ಚು ಕೊಡುವ ಮಾತಿಗೆ ಒಪ್ಪಿತೆಂದೂ ಹೇಳಿಕೆ ಕೊಟ್ಟ.

ಅಂದು ಆಡಿದ್ದು ಶೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ನಾಟಕವಲ್ಲ, ಜಾನ್ ಹೇವರ್ಡ್ 1599ರಲ್ಲಿ ಎಸೆಕ್ಸ್‌ಗೆ ಅರ್ಪಿಸಿ ಪ್ರಕಟಿಸಿದ ಗದ್ಯ ಚರಿತ್ರೆಯ ನಾಟಕರೂಪ ಎಂಬುದು ಇತಿಹಾಸಕಾರ ಬ್ಲೇರ್ ವರ್ಡನ್ ಅವರ ವಾದ. ಅವರ ವಿದ್ವತ್ತಿನ ಬಗೆಗೆ ಗೌರವವಿಟ್ಟುಕೊಂಡೇ ಕೇಳಬೇಕಾದ ಪ್ರಶ್ನೆ ಇದು: 1599ರ ಪುಸ್ತಕದಿಂದ ಹುಟ್ಟಿದ ನಾಟಕ 1601ರ ಹೊತ್ತಿಗೆ ಹಳತಾಗಿ ಮೂಲೆ ಸೇರುವುದು ಹೇಗೆ? ಶೇಕ್ಸ್‌ಪಿಯರನ ಕೃತಿಯಾದರೋ 1597ರಲ್ಲೇ ಅಚ್ಚಾಗಿತ್ತು, ರಂಗಕ್ಕೆ ಬಂದದ್ದು ಅದಕ್ಕೂ ಮೊದಲು.

ಆಟವು ದಂಗೆಗೆ ಊದಿದ ಕಹಳೆ ಎಂಬ ಇನ್ನೊಂದು ನಂಬಿಕೆ ಮೊದಲು ಬೇರೂರಿದ್ದು ಪ್ರಾಸಿಕ್ಯೂಷನ್ ವಕೀಲರ ಬಾಯಲ್ಲಿ, ಆಮೇಲೆ ಅದನ್ನು ಪರೀಕ್ಷಿಸದೆ ಎತ್ತಿಕೊಂಡವರು ವಿಮರ್ಶಕರು. ನಟರನ್ನು ಕಂಡು ಮಾತಾಡಿದ್ದು ಗುರುವಾರವೋ ಶುಕ್ರವಾರವೋ ಎಂದು ಫಿಲಿಪ್ಸ್ ಹೇಳಿದ್ದರೆ, ಎಸೆಕ್ಸ್‌ನನ್ನು ಬೀದಿಗೆ ತಳ್ಳಿದ ಪ್ರಿವಿ ಕೌನ್ಸಿಲ್ಲಿನ, ಅಂದರೆ ರಾಣಿಯ ಮಂತ್ರಾಲೋಚನಾ ಸಭೆಯ, ಕರೆ ಅವನ ಮನೆಗೆ ಮುಟ್ಟಿದ್ದು ಶನಿವಾರ ಸಂಜೆ, ಆಟ ಮುಗಿದ ಮೇಲೆ. ಅರಮನೆಯನ್ನು ವಶಪಡಿಸಿಕೊಳ್ಳುವ ಮಾತುಕತೆ ಮೊದಲೇ ನಡೆದಿತ್ತು ನಿಜ. ಆದರೆ ಭಾನುವಾರದ ದಂಗೆ ಆ ಯೋಜನೆಯಲ್ಲ, ಗಾಬರಿಯ ಫಲ ಎಂದು ಇತಿಹಾಸಕಾರ ಪಾಲ್ ಹ್ಯಾಮರ್ ತೋರಿಸಿರುವುದು ಕಾಲಾನುಕ್ರಮಕ್ಕೆ ಒಪ್ಪುವ ವಿವರಣೆ. ಆಟದಲ್ಲಿ ರಾಜದ್ರೋಹವನ್ನು ಸರ್ಕಾರವೇ ನಿಜವಾಗಿ ಕಂಡಿದ್ದರೆ, ಎಸೆಕ್ಸ್‌ನ ಶಿರಚ್ಛೇದದ ಹಿಂದಿನ ದಿನ, ಫೆಬ್ರವರಿ 24ರಂದು, ಅದೇ ಮಂಡಳಿಯನ್ನು ರಾಣಿಯ ಮುಂದೆ ಆಡಲು ಕರೆಸುತ್ತಿತ್ತೇ?

ಇನ್ನು, ಶೇಕ್ಸ್‌ಪಿಯರನ ನಾಟಕದಲ್ಲಿ ರಿಚರ್ಡ್ ಕಿರೀಟವನ್ನು ಕೈಯಾರೆ ಒಪ್ಪಿಸಿ, ಕನ್ನಡಿ ತರಿಸಿ ಮುಖ ನೋಡಿಕೊಂಡು, ಅದನ್ನು ನೆಲಕ್ಕೆ ಅಪ್ಪಳಿಸುವ ಸುಮಾರು 160 ಸಾಲುಗಳು ಎಲಿಜಬೆತ್ ಬದುಕಿರುವವರೆಗೆ ಬಂದ ಯಾವ ಕ್ವಾರ್ಟೊದಲ್ಲೂ, ಎಂದರೆ ಹಾಳೆಯನ್ನು ಎರಡು ಸಲ ಮಡಚಿ ಹೊಲಿದ ಅಗ್ಗದ ಪುಸ್ತಿಕೆಯಲ್ಲೂ, ಇಲ್ಲ. ಅಚ್ಚಿಗೆ ಅನುಮತಿ ಕೊಡುತ್ತಿದ್ದವರು ಚರ್ಚಿನ ಅಧಿಕಾರಿಗಳು, ರಂಗಕ್ಕೆ ಕೊಡುತ್ತಿದ್ದವನು ವಿನೋದಾಧಿಕಾರಿ. ಆದುದರಿಂದ ಪುಸ್ತಕದಲ್ಲಿಲ್ಲದ್ದು ರಂಗದಲ್ಲೂ ಇರಲಿಲ್ಲವೆಂಬ ತೀರ್ಮಾನ ಅವಸರದ್ದು. 1608ರ ಮುದ್ರಣದಲ್ಲಿ ಆ ದೃಶ್ಯ ಸೇರಿತಷ್ಟೇ ಅಲ್ಲ, ಕೆಲವು ಪ್ರತಿಗಳ ಮುಖಪುಟದಲ್ಲಿ ಗಿರಾಕಿಗಳ ಕಣ್ಣಿಗೆ ಬೀಳುವಂತೆ ರಿಚರ್ಡನ ಪದಚ್ಯುತಿ ಹೊಸದಾಗಿ ಸೇರಿದೆ ಎಂದೇ ಪ್ರಕಾಶಕ ಅಚ್ಚು ಹಾಕಿಸಿದ.