ಅರಿಶಿನದಲ್ಲಿ ನೆರಳು ಹಿಡಿಯೋಣ

ಬೆಳಗಿನ ಬಿಸಿಲಲ್ಲಿ ಬೆಂಗಳೂರಿನ ಕುಂದಲಹಳ್ಳಿ ಗೇಟಿನ ಬಳಿ ಒಂದು ದೀಪದ ಕಂಬದ ನೆರಳನ್ನು ನೋಡಿ. ಬುಡದ ಹತ್ತಿರ ಅದರ ಅಂಚು ಗೆರೆ ಎಳೆದ ಹಾಗಿರುತ್ತದೆ, ತುದಿಯಲ್ಲಿ ಮಸುಕು. ಯಾಕೆ ಹೇಳಿ? ಸೂರ್ಯ ಚುಕ್ಕೆಯಲ್ಲ. ನಮ್ಮ ಕಣ್ಣಿಗೆ ಅದು ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ತಟ್ಟೆಯ ಎರಡು ಅಂಚಿನಿಂದ ಬಂದ ಬೆಳಕು ಬೇರೆ ಬೇರೆ ಜಾಗಕ್ಕೆ ಬಿದ್ದು ನೆರಳು ಕಲಸಿಹೋಗುತ್ತದೆ. ಎಲೆಯನ್ನು ಕಾಗದದಿಂದ 1 ಮೀಟರ್ ಮೇಲೆ ಹಿಡಿದರೆ ಈ ಮಸುಕು ಸುಮಾರು 9 ಮಿಲಿಮೀಟರ್. ಕಾಗದಕ್ಕೇ ಒತ್ತಿಟ್ಟರೆ? ಮಸುಕು ಮಾಯ!

ಇಂಗ್ಲೆಂಡಿನ ಆನಾ ಅಟ್ಕಿನ್ಸ್ ಮಾಡಿದ್ದು ಇದನ್ನೇ. ಕಬ್ಬಿಣದ ಲವಣಗಳನ್ನು ಕಾಗದಕ್ಕೆ ಬಳಿದು ಬಿಸಿಲಲ್ಲಿಟ್ಟು ತೊಳೆದರೆ ಗಾಢ ನೀಲಿ ಬರುತ್ತದೆಂದು 1842ರಲ್ಲಿ ವಿಜ್ಞಾನಿ ಜಾನ್ ಹರ್ಷಲ್ ಕಂಡುಕೊಂಡಿದ್ದರು. ಮರುವರ್ಷವೇ ಆಕೆ ಅಂಥ ಕಾಗದದ ಮೇಲೆ ಕಡಲಪಾಚಿ ಹರಡಿ ಚಿತ್ರ ತೆಗೆಯತೊಡಗಿದರು. ಬಿಸಿಲು ಬಿದ್ದಲ್ಲಿ ನೀಲಿ, ಪಾಚಿ ಮುಚ್ಚಿದಲ್ಲಿ ಬಿಳಿ. ಕ್ಯಾಮೆರಾ ಬೇಕಾಗಲಿಲ್ಲ, ಅಚ್ಚುಮನೆಯೂ ಬೇಕಾಗಲಿಲ್ಲ. ಹೀಗೆ 1853ರವರೆಗೆ ಕೈಯಿಂದಲೇ ಮಾಡಿದ ಹಾಳೆಗಳ ಆ ಪುಸ್ತಕವನ್ನು ಫೋಟೊಗಳಿರುವ ಜಗತ್ತಿನ ಮೊದಲ ಪುಸ್ತಕ ಎನ್ನುತ್ತಾರೆ. ಮುಂದೆ ಎಂಜಿನಿಯರುಗಳು ಯಂತ್ರದ ನಕ್ಷೆಗಳಿಗೆ ಪ್ರತಿ ತೆಗೆದದ್ದೂ ಇದೇ ಉಪಾಯದಿಂದ. ಬ್ಲೂಪ್ರಿಂಟ್ ಅಂದರೆ ಅದೇ.

ಆ ಲವಣಗಳು ನಮ್ಮ ಮನೆಯಲ್ಲಿಲ್ಲ. ಅರಿಶಿನ ಇದೆಯಲ್ಲ! ಅಂಗಿಗೆ ಹತ್ತಿದ ಸಾರಿನ ಕಲೆ ಬಿಸಿಲಲ್ಲಿ ಒಣಗಿಸಿದರೆ ಮಾಸುತ್ತದೆ. ಅರಿಶಿನದ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನು ಬೆಳಕು ಒಡೆದುಹಾಕುತ್ತದೆ. ಇನ್ನು ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ನೀವೇ ನೋಡಿದ್ದೀರಿ. ಈ ಎರಡನ್ನೂ ಜೋಡಿಸಿದರೆ ಚಿತ್ರ ಸಿದ್ಧ.

ಅರಿಶಿನ ಬರೀ ನೀರಿನಲ್ಲಿ ಸರಿಯಾಗಿ ಕರಗದು. ಹಾಗಾಗಿ ದೊಡ್ಡವರ ಕೈಯಲ್ಲಿ, ಒಲೆಯಿಂದ ದೂರ, ಸ್ವಲ್ಪ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿಸಿ ಸೋಸಿಸಿಕೊಳ್ಳಿ. ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿ. ಕೆರೆ ದಂಡೆಯಲ್ಲೋ ಬೀದಿಯಲ್ಲೋ ಉದುರಿದ ಹೊಂಗೆ ಎಲೆ, ಅರಳಿ ಎಲೆ ಆರಿಸಿ ತನ್ನಿ (ಕೀಳಬೇಡಿ). ಎಲೆಯನ್ನು ಕಾಗದದ ಮೇಲಿಟ್ಟು, ಫೋಟೊ ಚೌಕಟ್ಟಿನ ಗಾಜಿನಿಂದ ಒತ್ತಿ, ತಾರಸಿಯ ಬಿಸಿಲಿಗಿಡಿ. ಸುತ್ತಲಿನ ಹಳದಿ ಬಿಳಿಚಿಕೊಳ್ಳಲು ಕೆಲವು ಗಂಟೆ ಬೇಕು. ಮೋಡವಿದ್ದರೆ ಇನ್ನೂ ಹೆಚ್ಚು.

ಎಲೆ ತೆಗೆದಾಗ ಕಾಣುವುದು ಪೇಲವ ಹಳದಿಯ ಮೇಲೊಂದು ಹಳದಿ ಎಲೆ. ಅಷ್ಟೇನೂ ಚೆಂದವಿಲ್ಲ, ನಿಜ. ಈಗ ಸುಣ್ಣದ ಬದಲು ಅಡುಗೆ ಸೋಡಾ ಕರಗಿಸಿದ ನೀರು ಸವರಿ. ಎಲೆಯ ನೆರಳಲ್ಲಿ ಉಳಿದಿದ್ದ ಕರ್ಕ್ಯುಮಿನ್ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲು ಒಡೆದುಹಾಕಿದ ಕಡೆ ಕೆಂಪಾಗಲು ಏನೂ ಹೆಚ್ಚು ಉಳಿದಿಲ್ಲ. ಇದ್ದ ವ್ಯತ್ಯಾಸ ಸಣ್ಣದು, ಸೋಡಾ ಅದನ್ನು ಕಣ್ಣಿಗೆ ಹೊಡೆಯುವಂತೆ ಮಾಡಿತು. ಛಾಯಾಗ್ರಾಹಕರು ಕಾಂಟ್ರಾಸ್ಟ್ ಎನ್ನುವುದು ಈ ವ್ಯತ್ಯಾಸಕ್ಕೇ.

ಒಂದು ತೊಂದರೆ ಇದೆ. ಉಳಿದ ಕರ್ಕ್ಯುಮಿನ್ ಅನ್ನೂ ಬೆಳಕು ಒಡೆಯುತ್ತಲೇ ಇರುತ್ತದೆ. ಗೋಡೆಗೆ ತೂಗುಹಾಕಿದರೆ ಚಿತ್ರ ಮಾಸಿಹೋಗುತ್ತದೆ. ಅದಕ್ಕೇ ಈ ಚಿತ್ರಗಳಿಗೆ ಪುಸ್ತಕವೇ ಸರಿಯಾದ ಮನೆ: ಮುಚ್ಚಿದ ಪುಸ್ತಕದೊಳಗೆ ಕತ್ತಲು. ಹಾಳೆಗಳನ್ನು ನಡುವೆ ಮಡಚಿ, ಮಡಿಕೆಯಲ್ಲಿ ಮೂರು ತೂತು ಮಾಡಿ, ದಪ್ಪ ದಾರದಿಂದ ಹೊಲಿಯಿರಿ. ಪ್ರತಿ ಎಲೆಯ ಕೆಳಗೆ ಮರದ ಹೆಸರು, ಸಿಕ್ಕಿದ ಜಾಗ, ದಿನಾಂಕ ಬರೆಯಿರಿ. ಗೆಳೆಯರಿಗೆಲ್ಲ ತೋರಿಸಿ, ಆದರೆ ಬಿಸಿಲಲ್ಲಿ ತೆರೆದಿಟ್ಟು ಬರಬೇಡಿ.