ವೋಲ್ಗಾ ದಂಡೆಯ ಧರ್ಮಗುರು ಓದಿದ್ದು ಮುಂಡಗೋಡದಲ್ಲಿ

ಯುರೋಪಿನ ನಕಾಶೆ ತೆಗೆದು ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮಕ್ಕೆ ಬೆರಳಿಡಿ. ರಷ್ಯಾದೊಳಗೇ ಇರೋ ಒಂದು ಸಣ್ಣ ಗಣರಾಜ್ಯ ಸಿಗುತ್ತೆ, ಕಲ್ಮಿಕಿಯಾ. ತೊಗರಿ ಕೊಯ್ದಾದ ಮೇಲೆ ಸೇಡಂ ಕಡೆಯ ಎರೆಹೊಲ ಹೇಗೆ ಬಯಲಾಗಿ ಬಿದ್ದಿರುತ್ತೆ, ಇಡೀ ನಾಡೇ ಹಾಗೆ. ಮರ ಅಪರೂಪ, ಹುಲ್ಲೇ ಹುಲ್ಲು. ಜನ ಮಂಗೋಲ್ ಮೂಲದವರು, ಕುದುರೆ ಒಂಟೆ ಕುರಿ ಮೇಯಿಸುತ್ತ ಅಲೆದವರು. ಚಹಾಕ್ಕೆ ಹಾಲು ಬೆಣ್ಣೆ ಜೊತೆ ಉಪ್ಪು ಹಾಕ್ತಾರೆ. (ಕ್ಷಮಿಸಿ, ನನಗೆ ಸಕ್ಕರೆನೇ ಬೇಕು.) ಧರ್ಮ ಬೌದ್ಧ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ ಹೇಳ್ತೀನಿ. 1992ರಲ್ಲಿ ಈ ಕಲ್ಮಿಕರು ತಮ್ಮ ಅತ್ಯುನ್ನತ ಧರ್ಮಗುರುವನ್ನ ಆರಿಸಿದರು. ಆತ ಬೆಳೆದದ್ದು, ಓದಿದ್ದು ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ!

ಅದು ಹೇಗೆ ಅಂತ ತಿಳಿಯೋಕೆ ಮೊದಲು ಒಂದು ಭಾರಿ ಎಡವಟ್ಟು ನೋಡಬೇಕು. ಹದಿನೇಳನೇ ಶತಮಾನದಲ್ಲಿ ಮಧ್ಯ ಏಷ್ಯಾದಿಂದ ವೋಲ್ಗಾ ನದಿಗೆ ಬಂದವರು ಇವರು. ರಷ್ಯಾದ ರಾಣಿಯ ಕಾಟ ಜಾಸ್ತಿಯಾದಾಗ ಅವರ ಖಾನ ಉಬಾಶಿ, ನಡೀರಿ, ಮೂಲ ನಾಡಿಗೇ ಹೋಗೋಣ ಅಂದ. ಲೆಕ್ಕ ಸರಳ: ಚಳಿಗಾಲಕ್ಕೆ ವೋಲ್ಗಾ ಹೆಪ್ಪುಗಟ್ಟುತ್ತೆ, ಪಶ್ಚಿಮ ದಂಡೆಯವರು ಹಿಮದ ಮೇಲೆ ದಾಟಿ ಬರ್ತಾರೆ. ಆ ವರ್ಷ ನದಿ ಹೆಪ್ಪುಗಟ್ಟಲೇ ಇಲ್ಲ! ಖಾನ ಕಾಯಲೂ ಇಲ್ಲ. 1771ರ ಜನವರಿಯಲ್ಲಿ ಪೂರ್ವ ದಂಡೆಯವರನ್ನ ಕರಕೊಂಡು ಹೊರಟೇ ಬಿಟ್ಟ. ದಾರಿಯಲ್ಲಿ ಹಸಿವು, ಚಳಿ, ದಾಳಿ. ಚೀನಾದ ಗಡಿ ಮುಟ್ಟಿದ್ದು ಹೊರಟವರಲ್ಲಿ ಒಂದು ಭಾಗ ಮಾತ್ರ. ನದಿಯ ಆಚೆ ಸಿಕ್ಕಿಹಾಕಿಕೊಂಡವರ ಮಕ್ಕಳು ಮರಿಮಕ್ಕಳೇ ಇವತ್ತಿನ ಕಲ್ಮಿಕಿಯಾ. ನನ್ನ ಕೇಳಿದರೆ ಖಾನನದು ಬರೀ ಅವಸರ ಅಲ್ಲ, ಸೊಕ್ಕು.

ಉಳಿದವರಿಗಾದರೂ ಸುಖ ಸಿಕ್ಕಿತಾ? 1943ರ ಡಿಸೆಂಬರಿನಲ್ಲಿ ಸ್ಟಾಲಿನ್ ಇಡೀ ಜನಾಂಗವನ್ನೇ ದನದ ಬೋಗಿಗಳಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದ. ಊರಿಗೆ ವಾಪಸಾಗಲು ದಾರಿ ಸಿಕ್ಕಿದ್ದು 1957ರಲ್ಲಿ. ಮಠಗಳು ಗಡಿಪಾರಿಗೂ ಮುಂಚೆಯೇ ನೆಲಸಮ. ಯುದ್ಧದ ನಂತರ ಯುರೋಪಿನ ನಿರಾಶ್ರಿತರ ಶಿಬಿರಗಳಲ್ಲಿದ್ದ ಕೆಲವು ಕುಟುಂಬ ಅಮೆರಿಕಕ್ಕೆ ಹೋದವು. ಅಂಥ ಒಂದು ಮನೆಯಲ್ಲಿ, ಫಿಲಡೆಲ್ಫಿಯಾದಲ್ಲಿ, 1972ರಲ್ಲಿ ಒಬ್ಬ ಹುಡುಗ ಹುಟ್ಟಿದ. ನಾನು ಸನ್ಯಾಸಿ ಆಗ್ತೀನಿ ಅಂತ ಹಟ. ದಲೈ ಲಾಮಾ ಸಲಹೆಯಂತೆ ತಂದೆತಾಯಿ ಆತನನ್ನ ಎಳೆಯ ವಯಸ್ಸಲ್ಲೇ ಮುಂಡಗೋಡದ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಕಳಿಸಿದರು. ಆತನೇ ತೆಲೊ ತುಲ್ಕು ರಿನ್‌ಪೋಚೆ.

ಯಾಕೆ ಗೋಮಾಂಗ್? ಲಾಸಾದಲ್ಲಿದ್ದಾಗಿನಿಂದಲೂ ಮಂಗೋಲರು, ಬುರಿಯಾತರು, ಕಲ್ಮಿಕರು ಓದಲು ಬರ್ತಿದ್ದದ್ದು ಅದೇ ಮಠಕ್ಕೆ. ನಿಜಲಿಂಗಪ್ಪನವರ ಕಾಲದಲ್ಲಿ ಮೈಸೂರು ಸರ್ಕಾರ ಟಿಬೆಟನ್ನರಿಗೆ ಮುಂಡಗೋಡದಲ್ಲಿ ಜಮೀನು ಕೊಟ್ಟಿತು. ಮುಂದೆ ಮಠವೂ ಅಲ್ಲಿಗೇ ಬಂತು: ವಿಳಾಸ, ಲಾಮಾ ಕ್ಯಾಂಪ್ ನಂಬರ್ 2. ಹೀಗೆ ಹುಲ್ಲುಗಾವಲಿನ ಗುರುಕುಲ ಮಲೆನಾಡಿನ ಸೆರಗಿಗೆ ಬಂತು. 2023ರಲ್ಲಿ ರಷ್ಯಾ ಸರ್ಕಾರ ತೆಲೊ ಅವರಿಗೆ ವಿದೇಶಿ ಏಜೆಂಟ್ ಹಣೆಪಟ್ಟಿ ಕಟ್ಟಿತು, ಅವರು ಗಾದಿ ಬಿಟ್ಟರು. ಉಕ್ರೇನ್ ಯುದ್ಧ ತಪ್ಪು ಅಂದಿದ್ದರಲ್ಲ, ಅದಕ್ಕೆ.

ಇಷ್ಟಕ್ಕೇ ಮುಗಿಸಬೇಕಿತ್ತು. ಆದರೆ ಕಲ್ಮಿಕಿಯಾದ ರಾಜಧಾನಿ ಎಲಿಸ್ತಾದ ಕಕ್ಕಸಿನ ಜಗಳ ಹೇಳದೆ ಹೇಗಿರಲಿ? ಅಲ್ಲಿನ ಆಗಿನ ಅಧ್ಯಕ್ಷ ಇಲ್ಯುಮ್‌ಜಿನೊವ್‌ಗೆ ಚೆಸ್ ಹುಚ್ಚು. ಅನ್ಯಗ್ರಹದವರು ತನ್ನನ್ನ ಕರಕೊಂಡು ಹೋಗಿದ್ದರು ಅಂತ ಹೇಳಿಕೊಂಡ ಮಹಾಶಯ ಈತನೇ. ಬಯಲಿನ ನಡುವೆ ಚೆಸ್ ನಗರವನ್ನೇ ಕಟ್ಟಿಸಿದ. 2006ರಲ್ಲಿ ಅಲ್ಲಿ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ, ಕ್ರಾಮ್ನಿಕ್ ಎದುರು ತೊಪಾಲೊವ್. ಕ್ರಾಮ್ನಿಕ್ ಒಂದೇ ಆಟದಲ್ಲಿ ಐವತ್ತಕ್ಕೂ ಹೆಚ್ಚು ಸಲ ಕಕ್ಕಸಿಗೆ ಹೋಗ್ತಾರೆ, ಕ್ಯಾಮೆರಾ ಇಲ್ಲದ ಜಾಗ ಅದೊಂದೇ ಅಂತ ತೊಪಾಲೊವ್ ಮ್ಯಾನೇಜರ್ ದೂರು ಕೊಟ್ಟ. ಸಂಘಟಕರು ಬೀಗ ಜಡಿದರು! ಬೀಗ ತೆಗೆಯೋವರೆಗೂ ಆಡಲ್ಲ ಅಂತ ಕ್ರಾಮ್ನಿಕ್ ಕೂತರು, ಐದನೇ ಆಟ ಆಡದೇ ಸೋತರು, ಕೊನೆಗೆ ಟೈಬ್ರೇಕಿನಲ್ಲಿ ಪಂದ್ಯವನ್ನೇ ಗೆದ್ದರು. ಎರಡು ವರ್ಷಕ್ಕೆ ನಮ್ಮ ಆನಂದ್ ಕ್ರಾಮ್ನಿಕ್‌ನ ಸೋಲಿಸಿದ್ದು ಬೇರೆ ಮಾತು. ಅಲ್ಲಿ ಬಾಗಿಲಿನ ತಕರಾರು ಇರಲಿಲ್ಲ.

ಅದೇ ಎಲಿಸ್ತಾದಲ್ಲಿ 2005ರಲ್ಲಿ ತೆರೆದ ದೊಡ್ಡ ಬೌದ್ಧ ಮಂದಿರವಿದೆ. ಸುತ್ತ ನಳಂದದ ಹದಿನೇಳು ಪಂಡಿತರ ವಿಗ್ರಹ. ಅದರಲ್ಲೊಬ್ಬ ನಾಗಾರ್ಜುನ. ಆತ ಗೆಳೆಯನಾದ ಒಬ್ಬ ಶಾತವಾಹನ ರಾಜನಿಗೆ ಬುದ್ಧಿಮಾತಿನ ಪತ್ರ ಬರೆದ ಅಂತ ಪ್ರತೀತಿ. ಯಾವ ರಾಜ ಅನ್ನೋದಕ್ಕೆ ಪಂಡಿತರಲ್ಲಿ ಇನ್ನೂ ಜಗಳ ನಡೀತಿದೆ. ಚಿತ್ತಾಪುರ, ವಾಡಿ, ಶಹಾಬಾದಿನವರು ಇಲ್ಲಿ ಕಿವಿ ಕೊಡಿ: ಶಾತವಾಹನ ರಾಜರನ್ನ ಹೆಸರು ಸಮೇತ ಕಲ್ಲಲ್ಲಿ ಕೆತ್ತಿರೋದು ನಿಮ್ಮ ಭೀಮಾ ದಂಡೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ. ಒಂದು ಕಲ್ಲಲ್ಲಿ ಸಾತಕರ್ಣಿ ಅಲ್ಲಿನ ಮಹಾಸ್ತೂಪಕ್ಕೆ ಬೆಳ್ಳಿಯ ತಾವರೆ ಅರ್ಪಿಸ್ತಿದ್ದಾನೆ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿ ನಗರವನ್ನೇ ಇನ್ನೊಬ್ಬನಿಗೆ ಒಪ್ಪಿಸ್ತಿದ್ದಾನೆ! ಗೆದ್ದ ಊರು ಬಿಟ್ಟುಕೊಡೋದನ್ನ ಯಾವ ರಾಜ ಕಲ್ಲಲ್ಲಿ ಕೆತ್ತಿಸ್ತಾನೆ ಹೇಳಿ? ಮುಂದಿನ ವಿಡಿಯೋ ಅದೇ.